ಮಂದ್ರದ ಪೆಟ್ಟಿಗೆ

ಗೋಕಾಕ ಫಾಲ್ಸಿನ ಗಿರಣಿ ಚಾಳಿನಲ್ಲಿ ಹುಟ್ಟಿ ಬೆಳೆದವನಿಗೆ ಮಂದ್ರಸ್ವರವೆಂದರೇನೆಂಬುದನ್ನು ಗುರುಮುಖದಿಂದ ಕಲಿಯುವ ಅವಶ್ಯಕತೆಯಿಲ್ಲ. ಆಷಾಢ ಶ್ರಾವಣಗಳಲ್ಲಿ ಘಟಪ್ರಭೆಯು ಕೆಂಪೇರಿ, ದಡದಿಂದ ದಡಕ್ಕೆ ತುಂಬಿಕೊಂಡು, 52 ಮೀಟರ್ ಎತ್ತರದ ಬಂಡೆಯಂಚಿನಿಂದ ಕೆಳಗಣ ಕಮರಿಗೆ ಧುಮುಕತೊಡಗಿತೆಂದರೆ, ಆ ಶಬ್ದವು ಮೊದಲು ಹೊಸ್ತಿಲ ಕಲ್ಲಿಗೆ, ಅಲ್ಲಿಂದ ನೆಲಕ್ಕೆ ಹಾಸಿದ ಚಾಪೆಗೆ, ಚಾಪೆಯ ಮೇಲೆ ಮಲಗಿದ ಹುಡುಗನ ಬೆನ್ನಿಗೆ ಬಂದು, ಎದೆಗೂಡನ್ನು ಹೊಕ್ಕ ಬಳಿಕವೇ ಕಿವಿಗೆ ತಲುಪುತ್ತಿದ್ದಿತು. ತೂಗುಸೇತುವೆಯ ನಡುಮಧ್ಯದಲ್ಲಿ ನಿಂತು ಅದರ ಕಂಬಿಯನ್ನು ಹಿಡಿದರೆ ಅಂಗೈಯೇ ಅದನ್ನು ಆಲಿಸುತ್ತಿದ್ದಿತು. ಮುಂದೆ ನಾನು ಹಾಡುವುದನ್ನೂ ಹಾರ್ಮೋನಿಯಮ್ಮನ್ನೂ ಬಿಟ್ಟು, ರಸಮಂಜರಿ ತಂಡವೊಂದರಲ್ಲಿ ಬೇಸ್ ಗಿಟಾರು ನುಡಿಸುವವನಾಗಿ ಇಪ್ಪತ್ತೈದು ವರ್ಷಗಳನ್ನು ಕಳೆದುದಕ್ಕೆ ಬೇರೆ ಕಾರಣವನ್ನು ನಾನು ಹುಡುಕಿಲ್ಲ.

ಆ ಜಲಪಾತದ ಬಲವನ್ನು ನೆಚ್ಚಿ 1880ರ ದಶಕದಲ್ಲಿ ಆರಂಭವಾದ ನೂಲಿನ ಗಿರಣಿಯಲ್ಲಿ ನಮ್ಮ ತಂದೆಯವರು ದುಡಿಯುತ್ತಿದ್ದರು. ಭೋಂಗಾ ಕೂಗಿದೊಡನೆ ಪಾಳಿಗೆ ಹೊರಟು, ಪಾಳಿ ಮುಗಿಸಿ ಬಂದು, ತಲೆಗೂದಲಿಗಂಟಿದ ಹತ್ತಿಯ ಎಳೆಗಳನ್ನು ಕೊಡವಿಕೊಂಡು, ಸುಗ್ಗಿ ಮುಗಿದ ದಿನಗಳಲ್ಲಿ ಪಾರಿಜಾತದ ಮೇಳಕ್ಕೆ ಹಿಮ್ಮೇಳ ಹಾಡಲು ಹೋಗುವರು. ಕುಲಗೋಡ ತಮ್ಮಣ್ಣನು ರಂಗಕ್ಕೆ ತಂದ, ಕೌಜಲಗಿಯ ನಿಂಗಮ್ಮನಂಥ ಕಲಾವಿದೆಯಿಂದ ನಾಡೆಲ್ಲ ಬಲ್ಲಂತಾದ ಶ್ರೀಕೃಷ್ಣ ಪಾರಿಜಾತವು ನಮ್ಮ ಸೀಮೆಯ ಮಣ್ಣಿನದೇ ಆಟವಾಗಿದ್ದುದರಿಂದ, ಹಾರ್ಮೋನಿಯಮ್ಮು ತಬಲಾಗಳ ಹೊರತು ಮತ್ತೊಂದು ವಾದ್ಯವನ್ನು ಅವರು ಸುಲಭವಾಗಿ ಮನ್ನಿಸುತ್ತಿರಲಿಲ್ಲ. ಅಂಥವರು, ನಾನು ಬೇಸ್ ಗಿಟಾರನ್ನು ಮನೆಗೆ ತಂದ ಮೊದಲ ಸಂಜೆ, ಅರ್ಧ ಗಂಟೆಯವರೆಗೆ ಮಾತನಾಡದೆ ಕುಳಿತು ಕೇಳಿ, "ಇದರ ದನಿ ಕಿವಿಗೆ ಕೇಳ್ಸೂದಿಲ್ಲೋ ತಮ್ಮಾ, ಎದಿಗೆ ಕೇಳ್ಸತೈತಿ, ನಮ್ಮ ಫಾಲ್ಸಿನಂಗ" ಎಂದು ಹೇಳಿ ಎದ್ದುಹೋದರು. ಈ ವಾದ್ಯದ ಕುರಿತು ಇದಕ್ಕಿಂತ ಸಮರ್ಪಕವಾದ ಮಾತನ್ನು ನಾನು ಮತ್ತಾರ ಬಾಯಿಂದಲೂ ಕೇಳಿಲ್ಲ.

ಬೇಸ್ ಗಿಟಾರು ವಯಸ್ಸಿನಲ್ಲಿ ಅಷ್ಟೇನೂ ಹಿರಿದಾದ ವಾದ್ಯವಲ್ಲ. ಅಮೆರಿಕದ ಲಿಯೋ ಫೆಂಡರನು 1951ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯೇ ಇಂದಿಗೂ ಅದರ ಮೂಲರೂಪವೆನಿಸಿದೆ. ಅದರ ನಾಲ್ಕು ತಂತಿಗಳಲ್ಲಿ ಅತ್ಯಂತ ದಪ್ಪನಾದುದನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ತಬಲಾದ ಎಡಗೈ ಡಗ್ಗವೂ ಅಷ್ಟು ಆಳಕ್ಕಿಳಿದು ನಿಲ್ಲುವುದು ಅಪರೂಪ. ಆದರೆ ಆ ತಂತಿಗೆ ತನ್ನದೆಂಬ ದನಿಯಿಲ್ಲ. ಸ್ಪೀಕರಿನ ಕಾಗದದ ಕೋನು ಅದರ ಪರವಾಗಿ ಗಾಳಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿದರೆ ಮಾತ್ರ ಅದು ಸಭೆಗೆ ಕೇಳಿಸೀತು. ಆದ್ದರಿಂದ ಬೇಸ್ ನುಡಿಸುವವನ ವಾದ್ಯದ ಅರ್ಧಭಾಗ ಅವನ ತೊಡೆಯ ಮೇಲೆಯೂ ಉಳಿದರ್ಧ ಅವನ ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿಯೂ ಇರುವುದೆಂದು ಹೇಳಿದರೆ ಅತಿಶಯೋಕ್ತಿಯಾಗದು.

ನನ್ನ ಪೆಟ್ಟಿಗೆಯು ಎರಡು ಊರುಗಳ ಕೂಸು. ನೂರು ವ್ಯಾಟಿನ ಆಂಪ್ಲಿಫೈಯರನ್ನೂ ಹದಿನೈದು ಇಂಚಿನ, ಎಂಟು ಓಮ್ ಸ್ಪೀಕರನ್ನೂ ಬೆಳಗಾವಿಯಲ್ಲಿ ತಂಡ ಬಿಟ್ಟ ವಾದಕನೊಬ್ಬನಿಂದ ಕೊಂಡಿದ್ದೆನು. ಸ್ಪೀಕರನ್ನು ಕೂಡಿಸುವ ಡಬ್ಬಿಯನ್ನು ಗೋಕಾಕದ ಬಡಿಗೇರ ಹಿರಿಯರೊಬ್ಬರು ಹದಿನೆಂಟು ಮಿಲಿಮೀಟರ್ ಪ್ಲೈವುಡ್ಡಿನಿಂದ, ಒಂದು ಮೊಳೆಯ ತಲೆಯೂ ಹೊರಗೆ ಕಾಣದ ಹಾಗೆ ಮಾಡಿಕೊಟ್ಟಿದ್ದರು. ಅದನ್ನು ಟೆಂಪೋದಲ್ಲಿ ಹೇರಿಕೊಂಡು ಜಾತ್ರೆ, ಉರುಸು, ಗಣೇಶನ ಹಬ್ಬಗಳಿಗೆ ನಾವು ತಿರುಗದ ಹಳ್ಳಿಯಿಲ್ಲ. ಕೀಬೋರ್ಡಿನವನ ಎಡಗೈಯೇ ಬೇಸಿನ ಕೆಲಸವನ್ನೂ ಮಾಡತೊಡಗಿದ ಮೇಲೆ ನಮ್ಮಂಥವರನ್ನು ಕರೆಯುವುದು ಕಡಿಮೆಯಾಯಿತು. ಪೆಟ್ಟಿಗೆಯು ಗೋಕಾಕದೊಳಗಣ ಹೊಳೆಯ ಬದಿಯ ನಮ್ಮ ಮನೆಯ ಪಡಸಾಲೆಯಲ್ಲಿ ನೆಲೆಗೊಂಡಿತು. ಅಲ್ಲಿ ನಾನು ಸಂಜೆ ನುಡಿಸುವಾಗ, ದಪ್ಪ ತಂತಿಯ ಮೂರನೆಯ ಮನೆಯ ಸ್ವರವೊಂದಕ್ಕೆ ಮಾತ್ರ, ನಡುಗೋಡೆಯ ಆಚೆ ನೆರೆಮನೆಯ ಕಾಕುವಿನ ಹಲಗೆಯ ಮೇಲಿನ ಹಿತ್ತಾಳೆಯ ತಂಬಿಗೆಯು ಝಣಝಣನೆ ನಡುಗುವುದು. ಪ್ರತಿ ಪದಾರ್ಥಕ್ಕೂ ತಾನು ಮಿಡಿಯುವ ಒಂದು ಕಂಪನವಿರುತ್ತದಷ್ಟೆ. ಆ ಹಲಗೆ ತಂಬಿಗೆಗಳ ಪಾಲಿಗೆ ಅದು ಸೆಕೆಂಡಿಗೆ 49 ಆಗಿದ್ದಿತು. "ಏ ತಮ್ಮಾ, ನಿನ್ನ ಡಬ್ಬಿ ಸುಮ್ಮನಾಗ್ಸೋ, ನಮ್ಮ ತಂಬಿಗಿ ನಡಗಾಕ ಹತ್ತೇತಿ" ಎಂದು ಕಾಕು ಕೂಗುವರು. ನಾನು ಆ ಸ್ವರವನ್ನು ಬಿಟ್ಟು ನುಡಿಸುವೆನು.

2019ರ ಅಗಸ್ಟಿನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿನ ಜೊತೆಗೆ ಹಿರಣ್ಯಕೇಶಿ ಮಾರ್ಕಂಡೇಯಗಳೂ ಉಕ್ಕಿ ಬಂದು, ಲೋಳಸೂರಿನ ಸೇತುವೆ ಮುಳುಗಿ, ಗೋಕಾಕದ ತಗ್ಗಿನ ಓಣಿಗಳಲ್ಲಿ ಹೊಳೆ ಹರಿದ ಸಂಗತಿಯನ್ನು ನಾಡು ಮರೆತಿರಲಾರದು. ಕಾಗದಪತ್ರಗಳನ್ನೂ ಗಿಟಾರನ್ನೂ ಆಂಪ್ಲಿಫೈಯರನ್ನೂ ಅಟ್ಟಕ್ಕೆ ಏರಿಸಿದ ನಮಗೆ ಡಬ್ಬಿಯನ್ನು ಎತ್ತುವಷ್ಟು ಸಮಯ ಉಳಿದಿರಲಿಲ್ಲ. ನೀರಿಳಿದ ಮೇಲೆ ಬಾಗಿಲು ತೆರೆದಾಗ, ಗೋಡೆಯ ಮೇಲೆ ಎದೆಮಟ್ಟದಲ್ಲಿ ಒಂದೇ ನೇರಕ್ಕೆ ಎಳೆದ ಕೆಂಪು ಗೆರೆಯೂ, ಆ ಗೆರೆಯ ಕೆಳಗೆ ರಾಡಿಯಲ್ಲಿ ಕವುಚಿ ಬಿದ್ದ ಡಬ್ಬಿಯೂ ಕಂಡವು. ಪ್ಲೈವುಡ್ಡಿನ ಡಬ್ಬಿಯು ಎಲ್ಲಿಯೂ ಬಿರಿದಿರಲಿಲ್ಲ. ಸ್ಪೀಕರಿನ ಕೋನು ಮಾತ್ರ ನೀರು ಕುಡಿದು, ನೆನೆದ ಹಪ್ಪಳದಂತೆ ಸುಕ್ಕುಗಟ್ಟಿ, ನಡುವಿನ ಗುಬ್ಬಿಯೊಳಗೆ ಹೊಳೆಯ ನುಣುಪಾದ ಕೆಸರನ್ನು ತುಂಬಿಕೊಂಡಿದ್ದಿತು.

ಇಲ್ಲಿ ನಾನೊಂದು ತಪ್ಪನ್ನು ಮಾಡಿದೆನು. ಮನೆಯನ್ನು ಬಳಿದು ತೊಳೆದು, ಸ್ಪೀಕರನ್ನು ನೆರಳಿನಲ್ಲಿ ಒಣಗಹಾಕಿ, ಮೀಟರ್ ಹಚ್ಚಿ ನೋಡಿದಾಗ ಮುಳ್ಳು ಆರು ಓಮಿನ ಸನಿಹಕ್ಕೆ ಬಂದು ನಿಂತಿತು. ಎಂದರೆ ಕಾಯಿಲು ಬದುಕಿದ್ದಿತು. ಎಂಟು ಓಮ್ ಸ್ಪೀಕರು ಮೀಟರಿಗೆ ಆರರ ಆಸುಪಾಸನ್ನೇ ತೋರಿಸುವುದು ಸಹಜ. ಆ ಸಂತೋಷದ ಭರದಲ್ಲಿ, ಇನ್ನೂ ಹತ್ತು ದಿನ ಕಾಯುವ ತಾಳ್ಮೆಯಿಲ್ಲದೆ, ಆರನೆಯ ದಿನವೇ ಆಂಪ್ಲಿಫೈಯರಿಗೆ ಜೋಡಿಸಿ ತಂತಿಯನ್ನು ಮೀಟಿದೆನು. ಬಂದದ್ದು ಸ್ವರವಲ್ಲ, ಮರಳಿನ ಮೇಲೆ ಕಬ್ಬಿಣವನ್ನೆಳೆದಂಥ ಖರಖರ. ನಾಲ್ಕೈದು ಸಲ ಹಾಗೆ ಕೆರೆದು, ಸುಟ್ಟ ಅರಗಿನ ವಾಸನೆ ತೇಲಿ, ಎಲ್ಲವೂ ನಿಂತುಹೋಯಿತು. ಮತ್ತೆ ಮೀಟರ್ ಹಚ್ಚಿದರೆ ಮುಳ್ಳು ಅಲುಗಲಿಲ್ಲ. ಪ್ರವಾಹವು ಉಳಿಸಿ ಕೊಟ್ಟುದನ್ನು ನನ್ನ ಕೈಯಾರೆ ಕೊಂದೆನೆಂಬ ವ್ಯಥೆಯು ಈ ಬರಹವನ್ನು ಬರೆಯುವಾಗಲೂ ನನ್ನನ್ನು ಬಿಟ್ಟಿಲ್ಲ.

ದುರಸ್ತಿಯೋ ಹೊಸದೋ ಎಂಬ ಪ್ರಶ್ನೆಯು ಆ ದಿನಗಳಲ್ಲಿ ನನ್ನೊಬ್ಬನದಾಗಿರಲಿಲ್ಲ. ಸರಕಾರದ ಇಂಜಿನಿಯರರು ಓಣಿ ಓಣಿ ತಿರುಗಿ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸುತ್ತಿದ್ದರು. ಪೂರ್ತಿ ಬಿದ್ದುದಕ್ಕೆ ಐದು ಲಕ್ಷ ರೂಪಾಯಿ ಪರಿಹಾರವೆಂದು ಘೋಷಣೆಯಾಗಿದ್ದಿತು. ಯಾವ ಗೋಡೆಯನ್ನು ಉಳಿಸುವುದು, ಯಾವುದನ್ನು ಕೆಡವುವುದು ಎಂಬುದರ ಹೊರತು ಚಹಾದಂಗಡಿಯಲ್ಲಿ ಬೇರೆ ಮಾತಿರಲಿಲ್ಲ. ಕಾಕುವಿನ ಮನೆಯ ಮಣ್ಣಿನ ಹಿತ್ತಿಲಗೋಡೆ ಕುಸಿದಿದ್ದಿತು. ನಡುಗೋಡೆಯೂ ಬುಡದಲ್ಲಿ ತೊಯ್ದು ಉಬ್ಬಿದ್ದಿತು. ಮಾಡು ಮಾತ್ರ ತೊಲೆಗಳ ಮೇಲೆ ಭದ್ರವಾಗಿ ನಿಂತಿದ್ದಿತು. ಗೌಂಡಿಯು ಬಂದು ಗೋಡೆಗೆ ಬೆರಳಿನ ಗೆಣ್ಣಿನಿಂದ ಬಡಿದು, ಶಬ್ದವನ್ನು ಕೇಳಿ, "ತೊಲಿ ಚಲೋ ಅದಾವ್ರಿ ಆಯಿ, ಗ್ವಾಡಿ ಅಷ್ಟ ತಗಿಯೂಣು" ಎಂದುದನ್ನು ಕೇಳಿಸಿಕೊಂಡು ನಾನು ಒಳಗೆ ಬಂದು ನನ್ನ ಸ್ಪೀಕರಿನ ಮುಂದೆ ಕುಳಿತೆನು.

ಗೋಕಾಕದ ಪೇಟೆಯಲ್ಲಿ ವಿಚಾರಿಸಿದಾಗ, ನೆರೆಯಲ್ಲಿ ನೆನೆದ ಸ್ಪೀಕರನ್ನು ಮುಟ್ಟುವವರಿಲ್ಲವೆಂದೂ ಹೊಸದನ್ನು ಕೊಳ್ಳುವುದೇ ಲೇಸೆಂದೂ ಹೇಳಿದವರೇ ಹೆಚ್ಚು. ಅವರ ಮಾತನ್ನು ಅಲ್ಲಗಳೆಯಲಾರೆ. ಬರುವ ವಾರ ಕಾರ್ಯಕ್ರಮವಿದ್ದು, ಅದರ ಸಂಭಾವನೆಯಿಂದಲೇ ಮನೆ ನಡೆಯಬೇಕಾದವನಿಗೆ ನಾನೂ ಅದನ್ನೇ ಹೇಳುತ್ತಿದ್ದೆನು. ನನಗೆ ಅಂಥ ಅವಸರವಿರಲಿಲ್ಲ. ಮೂಡಲಗಿಯಲ್ಲಿ ಹಳೆಯ ರೇಡಿಯೋ ರಿಪೇರಿಯವರೊಬ್ಬರು ಸ್ಪೀಕರುಗಳಿಗೆ ಹೊಸ ಕೋನು ಕಟ್ಟುವರೆಂದು ತಬಲಾದವನೊಬ್ಬನು ಹೇಳಿದುದರಿಂದ, ಸೇತುವೆಯ ಮೇಲೆ ಸಂಚಾರ ಮತ್ತೆ ಸರಿಹೋದ ಮೇಲೆ, ಒಂದು ಮುಂಜಾನೆ ಸ್ಪೀಕರನ್ನು ಹಳೆಯ ಧೋತರದಲ್ಲಿ ಗಂಟುಕಟ್ಟಿಕೊಂಡು ಬಸ್ಸು ಹತ್ತಿದೆನು. ಲೋಳಸೂರನ್ನು ದಾಟಿ ಕಲ್ಲೋಳಿಯ ಹಾದಿ ಹಿಡಿಯುವವರೆಗೂ ಎರಡೂ ಬದಿಯ ಕಬ್ಬು ರವದಿಯಂತೆ ಒಣಗಿ ಒಂದೇ ದಿಕ್ಕಿಗೆ ಮಲಗಿದ್ದಿತು; ಕಲ್ಲೋಳಿಯಿಂದಾಚೆಗೆ ಹೊಲಗಳು ಹಸಿರಾದವು.

ಶಿವಬೋಧರಂಗ ಮಠದ ಕಡೆಗೆ ಹೋಗುವ ಓಣಿಯಲ್ಲಿ ಎಂಟಡಿ ಅಗಲದ ಆ ಅಂಗಡಿಯನ್ನು ನಾನು ಚೆನ್ನಾಗಿ ನೆನೆಯಬಲ್ಲೆನು. ಎಪ್ಪತ್ತು ದಾಟಿದ ಆ ಕಾಕಾ, ಧಾರವಾಡ ಆಕಾಶವಾಣಿಯನ್ನು ಕೇಳಬೇಕೆಂಬ ಹಂಬಲದಿಂದ ಬಾಲ್ಯದಲ್ಲಿ ಕೆಟ್ಟ ವಾಲ್ವ್ ರೇಡಿಯೋವೊಂದನ್ನು ಬಿಚ್ಚಿ, ಆ ಮೂಲಕ ಈ ಕಸುಬಿಗೆ ಬಂದವರು. ಅವರು ನನ್ನನ್ನು ಕುಳ್ಳಿರಿಸಿ ಚಹಾ ಹೇಳಿ, ಮೀಟರನ್ನು ಮುಟ್ಟುವುದಕ್ಕೆ ಮೊದಲು, ಸ್ಪೀಕರನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಕೋನಿನ ಎರಡು ಬದಿಗೂ ಎರಡೆರಡು ಬೆರಳನ್ನು ಸಮನಾಗಿ ಊರಿ ಮೆಲ್ಲಗೆ ಕೆಳಕ್ಕೆ ಒತ್ತಿ, ಕಣ್ಣುಮುಚ್ಚಿ ಕೇಳಿದರು. ಮಗುವಿನ ಹೊಟ್ಟೆಯನ್ನು ಒತ್ತಿ ನೋಡುವ ವೈದ್ಯನ ಬೆರಳುಗಳು ಹಾಗಿರುತ್ತವೆ. ಬಳಿಕ ಒಂದು ಸೆಲ್ಲನ್ನು ತೆಗೆದು ತುದಿಗಳಿಗೆ ತಾಗಿಸಿದರು. ಬದುಕಿದ ಸ್ಪೀಕರಾದರೆ ಕೋನು ಟಕ್ಕೆಂದು ಒಮ್ಮೆ ಮುಂದಕ್ಕೆ ಜಿಗಿಯಬೇಕು, ಜಿಗಿಯಲಿಲ್ಲ.

"ಯಾವಾಗ ಹಚ್ಚಿ ನೋಡಿದಿ ತಮ್ಮಾ?"

"ಆರನೇ ದಿನಕ್ಕ ರೀ, ಕಾಕಾ."

"ನೀರ ಇದನ್ನ ಕೊಂದಿಲ್ಲ. ಗ್ಯಾಪಿನ್ಯಾಗಿನ ರಾಡಿ ಕೊಂದೈತಿ. ಇರ್ಲಿ ಬಿಡು, ಹೋಗೂದು ಹೋತು. ಮ್ಯಾಗ್ನೆಟ್ ಸರದಿಲ್ಲ, ಫ್ರೇಮ್ ಸೊಟ್ಟ ಆಗಿಲ್ಲ. ಇವೆರಡ ಹೋಗಿದ್ರ ನಾನ ಬ್ಯಾಡ ಅಂತಿದ್ದೆ."

ಅನಂತರ ಅವರು ಹೇಳಿಕೊಟ್ಟುದು ನನ್ನ ಇಪ್ಪತ್ತೈದು ವರ್ಷಗಳ ವಾದನದಲ್ಲಿ ನಾನು ತಿಳಿದಿರದ ವಿಷಯ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ವಿವರಿಸಿದ ಕ್ರಮವೇ ಇಂದಿನ ಸ್ಪೀಕರುಗಳಲ್ಲಿಯೂ ನಡೆಯುತ್ತಿದೆ: ಆಯಸ್ಕಾಂತದ ನಡುವಣ ಉಂಗುರದಂಥ ಇಕ್ಕಟ್ಟಾದ ಸಂದಿನಲ್ಲಿ ತಾಮ್ರದ ಸುರುಳಿಯೊಂದು ಯಾವ ಬದಿಗೂ ತಾಗದೆ ತೇಲುತ್ತಿರಬೇಕು; ಅದನ್ನು ನಡುವಿಗೆ ಹಿಡಿದಿಡುವುದು ಸ್ಪೈಡರೆಂಬ ಸುಕ್ಕುಬಟ್ಟೆ. ಆಂಪ್ಲಿಫೈಯರು ಕಳಿಸಿದ ಶಕ್ತಿಯಲ್ಲಿ ನೂರಕ್ಕೆ ಕೆಲವೇ ಪಾಲು ನಾದವಾಗಿ, ಮಿಕ್ಕುದೆಲ್ಲವೂ ಆ ಸುರುಳಿಯಲ್ಲಿ ಬಿಸಿಯಾಗುತ್ತದೆ. ಸಂದಿನ ಅಗಲವೇ ಒಂದೆರಡು ಮಿಲಿಮೀಟರ್. ಅಲ್ಲಿ ಹೊಳೆಯ ಮಣ್ಣೂ ಕಬ್ಬಿಣದ ತುಕ್ಕೂ ಸೇರಿದರೆ ತಂತಿಯ ಅರಗು ಸವೆಯಲು ಎಷ್ಟು ಹೊತ್ತು ಬೇಕು? ಹೊಸ ಕಾಯಿಲು, ಸ್ಪೈಡರು, ಕೋನು ಮೂರನ್ನೂ ತರಿಸಿ ಕಟ್ಟಿಕೊಡಲು ಅವರು 1,800 ರೂಪಾಯಿಯನ್ನು ಹೇಳಿದರು. ಹೇಳಿದವರೇ, "ಆದ್ರ ದನಿ ಹಿಂದಿಂದ ಹಿಂದಿನಂಗ ಬರ್ತೈತಿ ಅಂತ ನಾ ಮಾತ ಕೊಡೂದಿಲ್ಲ. ಕಾಗದ ಬ್ಯಾರೆ ಆಕ್ಕೈತಿ. ಹುಕ್ಕೇರ್ಯಾಗ ಹೊಸಾವ ಅದಾವಂತ, ಒಮ್ಮಿ ಕೇಳಿ ಬಾ" ಎಂದು ಸ್ಪೀಕರನ್ನು ಮರಳಿ ಗಂಟುಕಟ್ಟಿ ಕೊಟ್ಟರು. ಬಂದ ಕೆಲಸವನ್ನು ಹಾಗೆ ಕೈಯಿಂದ ಬಿಟ್ಟು ಕಳಿಸುವ ಕಸುಬಿನವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಹುಕ್ಕೇರಿಗೆ ಹೋದಾಗ ಡಬ್ಬಿಯನ್ನೂ ಆಂಪ್ಲಿಫೈಯರನ್ನೂ ಟಂಟಂನಲ್ಲಿ ಹೇರಿಕೊಂಡು ಹೋದೆನು. 1969ರಿಂದ ಜನರದೇ ಸಹಕಾರಿ ಸಂಘವು ಮನೆಮನೆಗೆ ವಿದ್ಯುತ್ತನ್ನು ಹಂಚುತ್ತ ಬಂದ ತಾಲೂಕು ಅದು. ಆ ಕರೆಂಟಿನ ಮೇಲೆ ನಮ್ಮ ತಂಡವು ಎಷ್ಟೋ ರಾತ್ರಿ ನುಡಿಸಿದ್ದಿತು. ಆದಿಲಶಾಹಿ ಗುಮ್ಮಟಗಳು ಕಾಣುವ ಕಡೆಯ ಓಣಿಯೊಂದರಲ್ಲಿ, ಮದುವೆ ಮೆರವಣಿಗೆಗಳಿಗೆ ಡಾಲ್ಬಿ ಹಚ್ಚುವ ತರುಣನ ಗೋದಾಮು ಇದ್ದಿತು. ಹದಿನೆಂಟು ಇಂಚಿನ ಸ್ಪೀಕರುಗಳನ್ನು ಅಲ್ಲಿ ಗೋಡೆಯಂತೆ ಪೇರಿಸಿದ್ದರು. ಆತನು ಹದಿನೈದು ಇಂಚಿನ ಹೊಸ ಸ್ಪೀಕರೊಂದನ್ನು ಪೆಟ್ಟಿಗೆಯಿಂದ ತೆಗೆದು, 6,500 ರೂಪಾಯಿ ಬೆಲೆ ಹೇಳಿ, ಬೆಲೆಯ ಮಾತು ಮುಗಿಯುವುದಕ್ಕೆ ಮೊದಲೇ ಅದನ್ನು ನನ್ನ ಡಬ್ಬಿಗೆ ಕೂಡಿಸಿ, ನುಡಿಸಿ ನೋಡಲು ಹೇಳಿದನು.

ನಾನು ನುಡಿಸಿದೆನು. ಪೆಟ್ಟು ಬಿಗಿಯಾಗಿದ್ದಿತು, ಸ್ವಚ್ಛವಾಗಿದ್ದಿತು. ಆದರೆ ದಪ್ಪ ತಂತಿಗೆ ಬಂದೊಡನೆ ದನಿಯು ಬಾವಿಯ ಮೆಟ್ಟಲಿನಲ್ಲಿ ನಿಂತು ಕೆಳಗಿಳಿಯಲು ಒಲ್ಲೆನೆಂಬಂತೆ ಹಿಂಜರಿಯಿತು. ತರುಣನೇ ಅದನ್ನು ಗುರುತಿಸಿದನು. "ಮಾಸ್ತರ, ಇದು ಆರನೂರ ವ್ಯಾಟಿಂದರಿ. ನಿಮ್ಮ ನೂರ ವ್ಯಾಟಿಗೆ ಇದಕ್ಕ ಎಚ್ಚರನ ಆಗೂದಿಲ್ಲ" ಎಂದು ಸ್ಪೀಕರಿನ ಜೊತೆಗೆ ಬಂದ ಹಾಳೆಯನ್ನು ತೋರಿಸಿದನು. ಒಂದು ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, ಅದು ಕೊಡುವ ದನಿ 95 ಡೆಸಿಬೆಲ್. ನನ್ನ ಹಳೆಯದರ ಬೆನ್ನಿನ ಚೀಟಿಯಲ್ಲಿ 98 ಎಂದಿದ್ದುದನ್ನು ನಾನು ಬಲ್ಲೆನು. ಮೂರು ಡೆಸಿಬೆಲ್ ಇಳಿಯುವುದೆಂದರೆ ಆಂಪ್ಲಿಫೈಯರಿನ ಅರ್ಧ ಬಲವನ್ನು ಕಳೆದುಕೊಂಡಂತೆ. ಆರುನೂರು ವ್ಯಾಟೆಂದು ಬರೆದ ಸ್ಪೀಕರು ನನ್ನ ನೂರನ್ನು ಐವತ್ತಾಗಿಸುತ್ತಿದ್ದಿತು. ಇದಲ್ಲದೆ ಡಬ್ಬಿಯೊಳಗಣ ಗಾಳಿಯೂ ಕೋನಿನ ಬೆನ್ನಿಗೆ ಒಂದು ಸ್ಪ್ರಿಂಗಿನಂತೆ ಒತ್ತುವುದರಿಂದ, ಒಂದು ಸ್ಪೀಕರಿಗೆ ಹೊಂದುವ ಡಬ್ಬಿ ಅಳತೆ ಒಂದೇ ಆದ ಮಾತ್ರಕ್ಕೆ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಸ ಸ್ಪೀಕರನ್ನು ಕೊಂಡರೆ ಹೊಸ ಆಂಪ್ಲಿಫೈಯರು, ಆ ಬೆನ್ನಿಗೆ ಹೊಸ ಡಬ್ಬಿ. ಬಡಿಗೇರ ಹಿರಿಯರ ಕೈಕೆಲಸವು ಅಟ್ಟ ಸೇರುವುದು. ಮಾರಲೆಂದೇ ಕುಳಿತವನು ಮಾರದೆ ನನಗೆ ಇಷ್ಟನ್ನು ತಿಳಿಸಿ, ಬಿಚ್ಚಿದ ತಿರುಪುಗಳನ್ನು ಒಂದೊಂದಾಗಿ ಎಣಿಸಿ ನನ್ನ ಕೈಗೆ ಕೊಟ್ಟನು.

ಮರಳುವಾಗ ಘಟಪ್ರಭಾ ಊರಿನ ನಾಕಾದಲ್ಲಿ ಟಂಟಂ ನಿಂತ ಹೊತ್ತಿನಲ್ಲಿ ನನ್ನ ಮನಸ್ಸು ತೀರ್ಮಾನಕ್ಕೆ ಬಂದಿತು. ಖರ್ಚಿನ ಲೆಕ್ಕವು ದುರಸ್ತಿಯ ಕಡೆಗಿದ್ದುದು ನಿಜ. ಆದರೂ ಅದು ಮುಖ್ಯ ಕಾರಣವಲ್ಲ. ಪಾರಿಜಾತದ ಮೇಳದಲ್ಲಿ ತಬಲಾದ ಪುಡಿ ಹರಿದಾಗ ತಬಲಾ ಹೋಯಿತೆಂದು ಯಾರೂ ಹೇಳುತ್ತಿರಲಿಲ್ಲ. ಪುಡಿಯನ್ನು ಬದಲಿಸಿ, ಗಟ್ಟಾಗಳನ್ನು ಬಡಿದು, ಸುರುತಿಗೆ ತಂದು, ಅದೇ ತಬಲಾವೆಂದು ತಂದೆಯವರು ಹಾಡಿಗೆ ಕೂಡುತ್ತಿದ್ದರು. ಡೊಳ್ಳಿನ ಚರ್ಮವೂ ಹಾಗೆಯೇ. ಹರಿಯತಕ್ಕುದು ಹರಿಯುತ್ತದೆ, ಕಟ್ಟಿಗೆಯು ಉಳಿಯುತ್ತದೆ. ಸ್ಪೀಕರಿನ ಕಾಗದವು ಚರ್ಮದ ಸ್ಥಾನದಲ್ಲಿರುವುದೆಂದೂ ಕಬ್ಬಿಣದ ಚೌಕಟ್ಟೂ ಆಯಸ್ಕಾಂತವೂ ಅದರ ಕಟ್ಟಿಗೆಯೆಂದೂ ಅರಿತ ಮೇಲೆ ನನಗೆ ಸಂದೇಹ ಉಳಿಯಲಿಲ್ಲ.

ಸಾಮಾನು ಬಂದಿತೆಂದು ಮೂಡಲಗಿಯಿಂದ ಫೋನು ಬಂದ ದಿನ ನಾನು ಹೋಗಿ ಪಕ್ಕದಲ್ಲಿಯೇ ಕುಳಿತೆನು. ಕಾಕಾ ಹಳೆಯ ಕೋನನ್ನು ಅಂಚಿನ ಸುತ್ತ ಕೊಯ್ದು ತೆಗೆದು, ಸುಟ್ಟ ಸುರುಳಿಯನ್ನು ಎತ್ತಿ ಬದಿಗಿಟ್ಟರು. ಸಂದಿನೊಳಗಿನ ಕಬ್ಬಿಣದ ಪುಡಿಯು ಊದಿದರೆ ಹೋಗುವಂಥದಲ್ಲ, ಆಯಸ್ಕಾಂತವು ಅದನ್ನು ಬಿಟ್ಟುಕೊಡುವುದಿಲ್ಲ. ತೆಳುವಾದ ರಟ್ಟಿನ ಚೂರಿಗೆ ಅಂಟುಪಟ್ಟಿಯನ್ನು ಮಡಚಿ ಸುತ್ತಿ, ಸಂದಿನ ಸುತ್ತಲೂ ಇಳಿಸಿ ಎತ್ತಿ, ಪಟ್ಟಿಯನ್ನು ಬದಲಿಸಿ ಮತ್ತೆ ಇಳಿಸಿ, ಕೊನೆಯ ಪಟ್ಟಿಯು ಬೆಳ್ಳಗೆ ಹೊರಬರುವ ತನಕ ಮುಕ್ಕಾಲು ಗಂಟೆ ಅದನ್ನೇ ಮಾಡಿದರು. ಹೊಸ ಸುರುಳಿಯನ್ನು ನಡುಮಧ್ಯಕ್ಕೆ ನಿಲ್ಲಿಸಲು ಅವರು ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಬೆರಳಗಲದ ಪಟ್ಟಿಗಳನ್ನು ಕತ್ತರಿಸಿ ಸುತ್ತಲೂ ಸಿಕ್ಕಿಸಿದರು. ಅದಾರದೋ ಎದೆಯ ಚಿತ್ರ. ಒಂದು ಪಟ್ಟಿಯಲ್ಲಿ ಪಕ್ಕೆಲುಬಿನ ಬಿಳಿಯ ಕಮಾನು ನನಗೆ ಸ್ಪಷ್ಟವಾಗಿ ಕಾಣಿಸುತ್ತಿದ್ದಿತು. ಸ್ಪೈಡರಿಗೂ ಕೋನಿಗೂ ಅಂಟು ಹಚ್ಚಿ, ಒಂದು ದಿನ ಒಂದು ರಾತ್ರಿ ಮುಟ್ಟದೆ ಇಟ್ಟು, ಮರುದಿನ ಪಟ್ಟಿಗಳನ್ನು ಕಿತ್ತು, ಎರಡು ಬದಿಗೂ ಬೆರಳನ್ನೂರಿ ಒತ್ತಿದರು. ನಾನೂ ಕಿವಿಯನ್ನು ಹತ್ತಿರ ತಂದು ಆಲಿಸಿದೆನು. ಉಸಿರಾಡಿದಷ್ಟು ಸಪ್ಪಳವೂ ಇರಲಿಲ್ಲ. ಗುಬ್ಬಿಯನ್ನು ಅಂಟಿಸುತ್ತ, "ಮೊದಲ ಹದಿನೈದ ದಿನಾ ಸಣ್ಣ ದನಿಲೇ ನುಡಸಪಾ, ಹೊಸಾ ಕಾಗದ, ಮೈ ಬಿಡಬೇಕು" ಎಂದು ತಾಕೀತು ಮಾಡಿದರು. ಈ ಸಲ ನಾನು ಆ ಮಾತನ್ನು ದಿನವೆಣಿಸಿ ಪಾಲಿಸಿದೆನು.

ದನಿ ಹಿಂದಿನದಲ್ಲ. ನಡುವಣ ಸ್ವರಗಳು ತುಸು ಗಡಸಾಗಿವೆ. ಹಳೆಯ ಕಾಗದಕ್ಕಿದ್ದ, ತುಪ್ಪ ಸವರಿದಂಥ ಮೆದುತನವು ಅಲ್ಲಿಲ್ಲ. ಆದರೆ ದಪ್ಪ ತಂತಿಯು ಮುನ್ನಿನಂತೆ ಕೆಳಕ್ಕಿಳಿದು, ನೆಲದ ಫರಸಿಯಿಂದ ಅಂಗಾಲಿಗೆ ಬರುತ್ತದೆ. ಹದಿನೈದನೆಯ ದಿನ ಮೂರನೆಯ ಮನೆಯ ಸ್ವರವನ್ನು ಬೇಕೆಂತಲೇ ಹಿಡಿದು ನಿಲ್ಲಿಸಿ ಆಚೆಯ ಸಪ್ಪಳಕ್ಕೆ ಕಾದೆನು. ಏನೂ ಕೇಳಿಸಲಿಲ್ಲ. ಕಾಕುವಿನ ಹೊಸ ನಡುಗೋಡೆಗೆ ಇನ್ನೂ ಗಿಲಾವು ಆಗಿರಲಿಲ್ಲ. ತಂಬಿಗೆಯು ಗೋಣಿಚೀಲದಲ್ಲಿ ಕಟ್ಟಿದಂತೆಯೇ ಇದ್ದಿತು.

ದೀಪಾವಳಿಗೆ ಎರಡು ದಿನ ಮುಂಚೆ, ಮುಸ್ಸಂಜೆ, ಕಾಕು ನಮ್ಮ ಬಾಗಿಲಿಗೆ ಬಂದು ನಿಂತರು. ಅವರ ಕೈ ಸುಣ್ಣವಾಗಿದ್ದಿತು.

"ತಮ್ಮಾ, ನಮ್ಮ ತಂಬಿಗಿ ನಡಗಸ್ತಿದ್ದೆಲ್ಲಾ, ಆ ದನಿ ತಗಿ ನೋಡೂಣು. ಹಲಗಿ ಬಡಿದೀವಿ, ಬಿಗಿ ಆಗೇತೋ ಇಲ್ಲೋ ತಿಳೀವಲ್ದು."

ನಾನು ಸ್ವಿಚ್ಚು ಒತ್ತಿ, ಕಾಕು ಒಳಗೆ ಹೋಗಿ ಕೂಗುವ ತನಕ ಕಾದು, ಮೂರನೆಯ ಮನೆಯನ್ನು ಹಿಡಿದು ಮೀಟಿದೆನು. ಗೋಡೆಯಾಚೆ ತಂಬಿಗೆಯು ಝಣಝಣನೆ ನಡುಗಿತು.

"ಸಾಕ್ ಸಾಕೋ, ಇನ್ನೊಂದ ಮೊಳಿ ಬೇಕ" ಎಂದು ಕಾಕು ಕೂಗಿ, ಸುತ್ತಿಗೆಯನ್ನು ತರಲು ಹಿತ್ತಿಲಿಗೆ ನಡೆದರು.